ಆನೆಗೆ ಐದು

ಕಾನ್ಪುರ
೨೪ ಮೇ ೧೯೬೭

ಅಪ್ಪಯ್ಯ, ನನ್ನ ಮದುವೆ ಆಗಿಹೋಯಿತು!

ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಮೊದಲು ಬರೆಯಬೇಕಿತ್ತು, ಗೊತ್ತು. ಹಾಗೆ ಶುರುಮಾಡಿದ ಹಾಳೆಗಳೆಲ್ಲ ಬುಟ್ಟಿಯಲ್ಲಿವೆ. ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆಯುವಷ್ಟರಲ್ಲಿ ಆ ‘ಎಲ್ಲರೂ’ ಎಂದರೆ ಈಗ ನಾವಿಬ್ಬರು ಎಂದು ನೆನಪಾಗಿ ನಗು ಬರುತ್ತದೆ, ಆಮೇಲೆ ನಿಮ್ಮ ಮುಖ ನೆನಪಾಗಿ ಭಯವಾಗುತ್ತದೆ. ಆದ್ದರಿಂದ ಹೇಳಿಬಿಟ್ಟೆ. ಈಗ ನಮಸ್ಕಾರ, ಅಪ್ಪಯ್ಯ. ಅಮ್ಮನಿಗೂ.

ಕಳೆದ ಶುಕ್ರವಾರ, ಬೆಂಗಳೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ. ನಾನು ಪಾಠ ಹೇಳುತ್ತಿದ್ದ ಸ್ಕೂಲಿನ ಟೀಚರುಗಳೇ ಸಾಕ್ಷಿ ಹಾಕಿದರು. ಹುಡುಗನ ಹೆಸರು ಮಂಜುನಾಥಪ್ಪ. ಹೊಸನಗರದ ಕಡೆಯ ಪುಟ್ಟಪ್ಪನವರ ಮಗ. ಜಾತಿ ನಮ್ಮದಲ್ಲ. ಅವರದು ಗೇಣಿ ಗದ್ದೆ ಮಾಡುವ ಮನೆ. ಲಿಂಗನಮಕ್ಕಿಯ ನೀರು ಬಂದಾಗ ಹಳೆಯ ಮನೆ ಮುಳುಗಿ, ಈಗ ಮೇಲಿನ ಗುಡ್ಡದಲ್ಲಿ ಕಟ್ಟಿಕೊಂಡಿದ್ದಾರೆ. ಇದನ್ನು ನೀವು ಬೇರೆಯವರ ಬಾಯಲ್ಲಿ ಕೇಳಬಾರದೆಂದು ನಾನೇ ಬರೆಯುತ್ತಿದ್ದೇನೆ. ಮೊದಲೇ ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ, ನೀವು ಬೇಡ ಎಂದಮೇಲೆ ನಾನು ಮಾಡುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ.

ನಾವು ಪರಿಚಯವಾದದ್ದು ಹೇಗೆ ಗೊತ್ತೇ? ಮೈಸೂರಿನಲ್ಲಿ ಕಾಲೇಜುಗಳ ಚದುರಂಗದ ಪಂದ್ಯದಲ್ಲಿ ನಾನು ಇವರನ್ನು ಸೋಲಿಸಿದೆ! ಸೋತವರು ಮುಖ ದಪ್ಪ ಮಾಡಿಕೊಳ್ಳದೆ ‘ನಿಮಗೆ ಯಾರು ಕಲಿಸಿದ್ದು?’ ಎಂದರು. ‘ನಮ್ಮ ಅಪ್ಪಯ್ಯ’ ಎಂದೆ. ಮೊದಲ ಮಾತೇ ನಿಮ್ಮ ಬಗ್ಗೆ, ನೋಡಿ.

ಇವರು ಇಲ್ಲಿ ಕಂಪ್ಯೂಟರ್ ಎಂಬ ಯಂತ್ರದ ಕೆಲಸದಲ್ಲಿದ್ದಾರೆ. ನಮ್ಮ ನಡುಮನೆಯಷ್ಟು ಜಾಗ ಹಿಡಿದಿದೆ. ತೂತು ಕೊರೆದ ಕಾರ್ಡುಗಳನ್ನು ತಿನ್ನಿಸಿದರೆ ಲೆಕ್ಕ ಮಾಡಿ ತಾನೇ ಟೈಪು ಹೊಡೆಯುತ್ತದೆ. ಬಿಡುವಿನಲ್ಲಿ ಇವರು ಅದಕ್ಕೆ ಚದುರಂಗ ಕಲಿಸುತ್ತಿದ್ದಾರೆ. ಪೂರ್ತಿ ಆಟ ಇನ್ನೂ ಬರುವುದಿಲ್ಲ. ಆದರೆ ಪಟದ ಮೇಲೆ ಕಾಯಿಗಳು ಹೇಗಿವೆ ಎಂದು ತಿಳಿಸಿದರೆ ಯಾರು ಎಷ್ಟು ಮುಂದಿದ್ದಾರೆ ಎಂದು ಒಂದು ಅಂಕಿ ಹೇಳುತ್ತದೆ! ನಿಮಗೆ ಇದನ್ನು ತೋರಿಸಬೇಕೆಂದು ಎಷ್ಟು ಆಸೆ ಗೊತ್ತೇ?

ಅಪ್ಪಯ್ಯ, ದೊಡ್ಡಬ್ಬಕ್ಕೆ ನಮ್ಮನ್ನು ಕರೆಯುತ್ತೀರಲ್ಲವೇ? ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಬರದೆ ಇರುವುದು ನಮ್ಮ ಕಡೆ ಎಲ್ಲಾದರೂ ಉಂಟೇ? ಬೈದು ಬರೆಯಿರಿ, ಉದ್ದಕ್ಕೆ ಬೈಯಿರಿ. ಕೊನೆಯಲ್ಲಿ ‘ಬನ್ನಿ’ ಎಂದು ಒಂದು ಪದ ಇರಲಿ.

ನಿಮ್ಮ ಶರೂ


ಸಾಗರ
೯ ಜೂನ್ ೧೯೬೭

ಚಿ. ಶರಾವತಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಿನ್ನ ಅಮ್ಮ ಊಟ ಬಿಟ್ಟಿದ್ದಳು. ಈಗ ಮಾಡುತ್ತಿದ್ದಾಳೆ. ಶಾಲೆ ಶುರುವಾಗಿದೆ, ನನಗೆ ಈ ವರ್ಷವೂ ಹತ್ತನೆಯ ತರಗತಿಯ ಗಣಿತ ಕೊಟ್ಟಿದ್ದಾರೆ.

ಯಂತ್ರವು ಅಂಕಿ ಹೇಳುತ್ತದೆ ಎಂದು ಬರೆದಿದ್ದೀಯೆ. ತೀರ್ಥಹಳ್ಳಿಯ ಸುಬ್ಬಕೃಷ್ಣನೂ ನಾನೂ ಅಂಚೆ ಕಾರ್ಡಿನಲ್ಲಿ ನಡೆ ಬರೆದು ಆಡುವ ಆಟ ನಿನಗೆ ಗೊತ್ತಿದೆ. ಈಗ ನಡೆಯುತ್ತಿರುವುದರಲ್ಲಿ ನನಗೆ ರಾಜ, ಒಂದು ಆನೆ, ಐದು ಕಾಲಾಳು ಉಳಿದಿವೆ. ಅವನಿಗೆ ರಾಜ, ಒಂದು ಕುದುರೆ, ಐದು ಕಾಲಾಳು. ಯಾವುದು ಯಾವ ಮನೆಯಲ್ಲಿದೆ ಎಂಬುದನ್ನು ಹಿಂಬದಿಗೆ ಪಟ ಬರೆದು ತೋರಿಸಿದ್ದೇನೆ. ಯಾರು ಮುಂದೆ, ಎಷ್ಟು ಮುಂದೆ ಎಂದು ಯಂತ್ರದವರನ್ನು ಕೇಳಿ ತಿಳಿಸು.

ಉಳಿದ ವಿಷಯಗಳಲ್ಲಿ ನನಗೆ ಬರೆಯುವುದೇನೂ ಇಲ್ಲ.

ಗಣಪಯ್ಯ


ಕಾನ್ಪುರ
೨೫ ಜೂನ್ ೧೯೬೭

ಅಪ್ಪಯ್ಯ, ನೀವು ಬರೆದಿರಿ!

ಟಪಾಲಿನವನಿಗೆ ಲಾಡು ಕೊಟ್ಟೆ. ಅವನಿಗೆ ನಾನು ಸ್ವಲ್ಪ ಸರಿಯಿಲ್ಲ ಎಂದು ಮೊದಲೇ ಅನುಮಾನ, ಈಗ ಖಾತ್ರಿಯಾಗಿದೆ. ನಿಮ್ಮ ಅಕ್ಷರ ಕಂಡದ್ದೇ ಸಾಕಾಯಿತು, ‘ಚಿ. ಕುಮಾರಿ’ ಎಂದು ಬರೆದಿಲ್ಲ, ‘ಚಿ. ಸೌ.’ ಎಂದೂ ಬರೆದಿಲ್ಲ, ನಡುವೆ ಎಲ್ಲೋ ನಿಲ್ಲಿಸಿದ್ದೀರಿ ಎಂದು ನೋಡಿಕೊಂಡೆ. ಪರವಾಗಿಲ್ಲ. ಬಾಗಿಲು ಹಾಕಿಲ್ಲವಲ್ಲ!

ಪತ್ರವನ್ನು ಹಾಗೇ ಇವರ ಕೈಗೆ ಕೊಟ್ಟು ‘ಅಪ್ಪಯ್ಯ ಕೇಳಿದ್ದಾರೆ, ಈಗಲೇ ಮಾಡಿ’ ಎಂದೆ. ಇವರು ಬಿಳಿಚಿಹೋದರು. ‘ನಿಮ್ಮಪ್ಪಯ್ಯ ನಂಗೆ ಪರೀಕ್ಷೆ ಇಟ್ಟಿದಾರೆ ಮಾರಾಯ್ತಿ’ ಎಂದು ಊಟವನ್ನೂ ಮಾಡದೆ ಕಾರ್ಡು ಕೊರೆಯಲು ಹೋದರು. ಭಾನುವಾರ ಮಧ್ಯಾಹ್ನ ಯಂತ್ರ ಖಾಲಿಯಿತ್ತು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಪ್ಪಯ್ಯ, ಅದು ಟೈಪು ಹೊಡೆಯುವಾಗ ನನ್ನ ಎದೆ ಅದಕ್ಕಿಂತ ಜೋರಾಗಿ ಹೊಡೆಯುತ್ತಿತ್ತು. ಉತ್ತರ: ನೀವು ಮುಂದೆ! ಎರಡು ದಶಾಂಶ ಮೂರು! ಎಂದರೆ ಎರಡು ಕಾಲಾಳಿಗಿಂತ ಹೆಚ್ಚು. ಇವರು ಹೇಳುವಂತೆ ಅಷ್ಟು ಮುಂದಿದ್ದವರು ಸೋಲುವುದು ಕಷ್ಟ.

ಸುಬ್ಬಕೃಷ್ಣ ಮಾವಯ್ಯನಿಗೆ ಹೇಳಿಬಿಡಿ, ಕಾನ್ಪುರದಿಂದ ತೀರ್ಪು ಬಂದಿದೆ ಎಂದು. ಇನ್ನು ಉಳಿದ ವಿಷಯ. ನೀವು ಬರೆಯುವುದಿಲ್ಲ ಎಂದಿರಿ, ಸರಿ, ನಾನೇ ಬರೆಯುತ್ತೇನೆ: ದೊಡ್ಡಬ್ಬಕ್ಕೆ ರಜೆ ಕೇಳಿದ್ದಾರೆ.

ಶರೂ


ಸಾಗರ
೮ ಜುಲೈ ೧೯೬೭

ಚಿ. ಶರಾವತಿಗೆ,

ಸುಬ್ಬಕೃಷ್ಣ ಮೊನ್ನೆ ಕೋರ್ಟಿನ ಕೆಲಸಕ್ಕೆ ಸಾಗರಕ್ಕೆ ಬಂದಿದ್ದ. ಯಂತ್ರದ ಉತ್ತರ ತೋರಿಸಿದೆ. ಓದಿದವನು ನಕ್ಕು ನಕ್ಕು ಕೆಮ್ಮಿದ. ‘ಏನ್ ಗಣಪಯ್ಯ, ಆಟದಲ್ಲಿ ಸೋತು ಅಳಿಯನ ಕೈಲಿ ಗೆಲ್ಲಿಸ್ಕೊಳ್ತಾ ಇದೀಯಾ?’ ಎಂದ. ಪೇಟೆಯವರು ನಾಲ್ಕು ಜನ ಕೇಳುವಂತೆ ಹೇಳಿದ. ನಮ್ಮ ಮನೆಯ ಜಗುಲಿಯಲ್ಲಿ ‘ಅಳಿಯ’ ಎಂಬ ಪದ ಮೊದಲು ಕೇಳಿದ್ದು ಹೀಗೆ.

ನಾನು ಸೋಲುತ್ತಿದ್ದೇನೆ. ಚದುರಂಗ ಬಲ್ಲ ಹತ್ತು ವರ್ಷದ ಮಗುವೂ ಆ ಪಟ ನೋಡಿ ಹೇಳೀತು. ನಾನು ಮುಂದಿದ್ದೇನೆ ಎಂದು ಬರೆದರೆ ಸಂತೋಷಪಟ್ಟು ಹಬ್ಬಕ್ಕೆ ಕರೆಯುತ್ತೇನೆ ಎಂದು ನೀವಿಬ್ಬರೂ ಕೂಡಿ ಯೋಚಿಸಿದಂತಿದೆ. ನಲವತ್ತು ವರ್ಷ ಆಡಿದ್ದೇನೆ, ಮುಖಸ್ತುತಿಯ ನಡೆ ನನಗೆ ಗೊತ್ತಾಗುತ್ತದೆ.

ಹಾಗಲ್ಲ ಎನ್ನುವುದಾದರೆ ಲೆಕ್ಕ ತೋರಿಸಿ. ಬರೀ ಉತ್ತರ ಬರೆದ ಹುಡುಗರಿಗೆ ನಾನು ಎಂದೂ ಅಂಕ ಕೊಟ್ಟವನಲ್ಲ. ಹಂತ ಹಂತವಾಗಿ ಬೇಕು. ಆ ಅಂಕಿ ಎಲ್ಲಿಂದ ಬಂತು, ಯಾವುದಕ್ಕೆ ಎಷ್ಟು, ಯಾಕೆ.

ಕರೆಯದೆ ಬರುವ ಪದ್ಧತಿ ನಮ್ಮಲ್ಲಿ ಇಲ್ಲ. ಅಂಚೆಯಲ್ಲಿ ಕರೆಯುವ ಪದ್ಧತಿಯೂ ಇಲ್ಲ. ರಜೆ ಕೇಳುವ ಅವಸರ ಬೇಡವಿತ್ತು.

ಗಣಪಯ್ಯ


ಕಾನ್ಪುರ
೨೦ ಜುಲೈ ೧೯೬೭

ಅಪ್ಪಯ್ಯ,

ಮುಖಸ್ತುತಿ! ನಾನು? ನೀವು ಆಟದಲ್ಲಿ ತಪ್ಪು ಮಾಡಿದಾಗ ಚಪ್ಪಾಳೆ ತಟ್ಟಿ ನಗುತ್ತಿದ್ದವಳು ನಾನು! ನಿಮ್ಮ ಪತ್ರ ಓದಿ ಅಳು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ‘ಅಂಚೆಯಲ್ಲಿ ಕರೆಯುವ ಪದ್ಧತಿಯೂ ಇಲ್ಲ’ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಇದಕ್ಕಿಂತ ನೇರವಾಗಿ ಬರಬೇಡ ಎಂದು ಬರೆಯಬಹುದಿತ್ತು.

ಇವರಿಗೆ ಮಾತ್ರ ಬೇಜಾರೇ ಆಗಲಿಲ್ಲ. ‘ಹಂತ ಕೇಳಿದಾರಲ್ಲ, ಅದೇ ಸರಿಯಾದ ಪ್ರಶ್ನೆ’ ಎಂದು ಹೊಸ ಪೆನ್ಸಿಲ್ ಚೂಪು ಮಾಡಿಕೊಂಡು ಕುಳಿತರು. ನನಗೆ ಅರ್ಥವಾದಷ್ಟು ನಾನು ಬರೆಯುತ್ತೇನೆ, ಲೆಕ್ಕದ ಹಾಳೆ ಇವರ ಕೈಬರಹದಲ್ಲಿ ಬೇರೆ ಇದೆ. ಅದನ್ನು ಓದುವ ತಾಳ್ಮೆ ನನಗೆ ಈಗ ಇಲ್ಲ.

ಯಂತ್ರಕ್ಕೆ ಪಟ ಕಾಣುವುದೇ ಇಲ್ಲ, ಅಪ್ಪಯ್ಯ. ಇದು ತಿಳಿದಾಗ ನನಗೆ ಒಂಥರಾ ಆಯಿತು. ಅದು ಯೋಚಿಸಿ ಹೇಳುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಇವರು ಪ್ರತಿಯೊಂದು ಕಾಯಿಗೂ ಮೊದಲೇ ಒಂದು ಬೆಲೆ ಕೊಟ್ಟಿಟ್ಟಿದ್ದಾರೆ. ಕಾಲಾಳಿಗೆ ಒಂದು, ಮಂತ್ರಿಗೆ ಒಂಬತ್ತು, ಹೀಗೆ. ಎರಡು ಕಡೆಯ ಬೆಲೆಗಳನ್ನೂ ಕೂಡಿಸಿ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಆಮೇಲೆ ಯಾರಿಗೆ ಎಷ್ಟು ನಡೆಗಳು ಉಳಿದಿವೆ ಎಂದು ಎಣಿಸಿ, ಒಂದೊಂದು ನಡೆಗೂ ಹತ್ತರಲ್ಲಿ ಒಂದು ಭಾಗದಂತೆ ಸೇರಿಸುತ್ತದೆ. ಅಷ್ಟೇ.

‘ಹಾಗಾದರೆ ಅದು ನಿಮ್ಮದೇ ಅಭಿಪ್ರಾಯ ಅಲ್ಲವಾ?’ ಎಂದು ಕೇಳಿದೆ.

‘ಹೂಂ. ನನ್ನದೇ. ಅದು ಬೇಗ ಕೂಡಿಸ್ತದೆ, ಅಷ್ಟೇ ವ್ಯತ್ಯಾಸ.’

‘ನಿಮಗೆ ಆ ಬೆಲೆಗಳು ಎಲ್ಲಿಂದ ಬಂದವು?’

‘ಪುಸ್ತಕದಿಂದ.’

‘ಪುಸ್ತಕದವರಿಗೆ?’

‘ಅವರಿಗಿಂತ ಹಿಂದಿನವರಿಂದ. ಯಾರೂ ಕೇಳ್ಲಿಲ್ಲ, ನಡ್ಕೊಂಡು ಬಂತು’ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಆ ಬೆಲೆಗಳ ಪಟ್ಟಿಯನ್ನು ಇನ್ನೊಮ್ಮೆ ಓದಿದರು.

ತಪ್ಪು ಹುಡುಕಿ ಕಳಿಸಿ. ಮೋಸ ಸಿಕ್ಕರೆ ನನ್ನ ಹೆಸರು ಬದಲಾಯಿಸಿ.

ಶರೂ


ಸಾಗರ
೩ ಆಗಸ್ಟ್ ೧೯೬೭

ಚಿ. ಶರಾವತಿಗೆ,

ಸಿಕ್ಕಿತು.

ಮೋಸವಲ್ಲ, ಅದಕ್ಕಿಂತ ಕಡೆ. ಹಾಳೆಯ ಎರಡನೆಯ ಸಾಲಿನಲ್ಲೇ ‘ಆನೆ: ಐದು’ ಎಂದಿದೆ. ಇದು ಯಾವ ಆನೆ? ನಮ್ಮ ಮನೆಯಲ್ಲಿ ಪಟದ ಮೂಲೆಯಿಂದ ಹೊರಟು ನೇರ ನಡೆಯುವುದು ರಥ. ಕುದುರೆಯ ಪಕ್ಕದಲ್ಲಿ ನಿಂತು ಓರೆಯಾಗಿ ನಡೆಯುವುದು ಆನೆ. ನನ್ನ ಅಜ್ಜ ಘಟ್ಟದ ಕೆಳಗಿನಿಂದ ತಂದ ಹೆಸರುಗಳು. ನಿನ್ನ ಶಾಲೆಯ ಇಂಗ್ಲಿಷಿನಲ್ಲಿ ಅದನ್ನು ಬಿಷಪ್ ಎನ್ನುತ್ತೀರಿ. ಯಂತ್ರದವರು ಹಾಸ್ಟೆಲಿನಲ್ಲಿ ಆಡಿ ಕಲಿತವರು, ಅವರ ಲೆಕ್ಕದಲ್ಲಿ ಮೂಲೆಯ ಕಾಯಿಯೇ ಆನೆ. ನನ್ನ ಓರೆ ನಡೆಯುವ ಬಡ ಕಾಯಿಗೆ ರಥದ ಬೆಲೆ ಕೊಟ್ಟು, ರಥದ ನಡೆ ಕೊಟ್ಟು, ನನ್ನನ್ನು ಗೆಲ್ಲಿಸಿದ್ದಾರೆ. ನೀನಾದರೂ ಒಮ್ಮೆ ಓದಿ ಕೊಟ್ಟಿದ್ದರೆ ಇದಾಗುತ್ತಿರಲಿಲ್ಲ.

ಸರಿಯಾದ ಬೆಲೆ ಮೂರು ಎಂದಿಟ್ಟು ನಾನೇ ಕೂಡಿಸಿ ನೋಡಿದೆ. ಎರಡು ಕಡೆಯೂ ಎಂಟೆಂಟು. ನಡೆಗಳಲ್ಲಿ ಮಾತ್ರ ನಾನು ಒಂದಿಷ್ಟು ಹಿಂದೆ. ಎಂದರೆ ಯಂತ್ರ ಈಗ ‘ಹೆಚ್ಚುಕಡಿಮೆ ಸಮ’ ಎನ್ನುತ್ತದೆ. ಅದೂ ತಪ್ಪು! ನನ್ನ ಆನೆಯ ದಾರಿಯನ್ನು ನನ್ನ ಕಾಲಾಳುಗಳೇ ಕಟ್ಟಿ ನಿಂತಿವೆ. ಮೂರು ಬೆಲೆಯ ಕಾಯಿ ಮನೆ ಬಿಟ್ಟು ಹೊರಗೆ ಬರಲಾರದೆ ಕೂತಿದೆ. ಅವನ ಕುದುರೆ ಪಟವನ್ನೆಲ್ಲ ಆಳುತ್ತಿದೆ. ಎರಡಕ್ಕೂ ಮೂರೇ ಬೆಲೆಯಂತೆ.

ಇದನ್ನು ಬುದ್ಧಿ ಎನ್ನುತ್ತೀರಾ? ಆನೆ ಎಂದು ಕಿವಿಗೆ ಬಿದ್ದೊಡನೆ ಐದು ಬರೆದುಕೊಂಡಿತು. ಅದೇ ಕಾಯಿಯನ್ನು ಹಾಸ್ಟೆಲಿನವರಂತೆ ಒಂಟೆ ಎಂದಿದ್ದರೆ ಮೂರು ಬರೆದುಕೊಳ್ಳುತ್ತಿತ್ತು. ಅದು ಎಲ್ಲಿ ನಿಂತಿದೆ, ಏನು ಮಾಡುತ್ತಿದೆ, ಏನು ಮಾಡಬಲ್ಲುದು ಎಂಬುದಕ್ಕೆ ಹತ್ತರಲ್ಲಿ ಒಂದು ಭಾಗ, ಹೆಸರಿಗೆ ಉಳಿದದ್ದೆಲ್ಲ. ಹೆಸರು ಕೇಳಿ ಬೆಲೆ ಕಟ್ಟುವುದು ವಿವೇಕವಲ್ಲ, ಸೋಮಾರಿತನ. ಹಿಂದಿನವರಿಂದ ನಡೆದುಕೊಂಡು ಬಂತು ಎಂಬುದು ಕಾರಣವಲ್ಲ, ನೆಪ. ನನ್ನ ತರಗತಿಯ ಹುಡುಗ ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಇದನ್ನು ಯಂತ್ರದವರಿಗೆ ಓದಿ ಹೇಳು.

ಗಣಪಯ್ಯ


ಕಾನ್ಪುರ
೧೨ ಆಗಸ್ಟ್ ೧೯೬೭

ಅಪ್ಪಯ್ಯ,

ಓದಿ ಹೇಳಿದೆ. ನೀವು ಹೇಳಿದ್ದು ಒಂದೊಂದು ಅಕ್ಷರವೂ ನಿಜ ಎಂದರು. ಈಗ ನಾನು ಮಾಡುತ್ತಿರುವುದನ್ನು ಬೇಡ ಎಂದೂ ಹೇಳಿದರು, ಆದರೂ ಮಾಡುತ್ತಿದ್ದೇನೆ. ನಿಮ್ಮ ಪತ್ರವನ್ನು ನಿಮಗೇ ಕಳಿಸುತ್ತಿದ್ದೇನೆ. ಕೊನೆಯ ದೊಡ್ಡ ಪ್ಯಾರಾವನ್ನು ಇನ್ನೊಮ್ಮೆ ಓದಿ. ಆನೆ ಎಂದಿರುವ ಕಡೆ ನನ್ನ ಗಂಡನ ಹೆಸರು ಹಾಕಿಕೊಂಡು ಓದಿ.

ಶರಾವತಿ


ಸಾಗರ
೧೮ ಸೆಪ್ಟೆಂಬರ್ ೧೯೬೭

ಚಿ. ಸೌ. ಶರುವಿಗೆ ಅಮ್ಮ ಮಾಡುವ ಆಶೀರ್ವಾದ.

ನನ್ನ ಅಕ್ಷರ ನೋಡಿ ಹೆದರಬೇಡ, ಎಲ್ಲರೂ ಆರೋಗ್ಯವಾಗಿದ್ದೇವೆ. ನೀನು ಅಂಥದ್ದು ಏನು ಬರೆದೆಯೋ ನನಗೆ ಗೊತ್ತಿಲ್ಲ. ನಿನ್ನ ಆಗಸ್ಟಿನ ಕಾಗದ ಬಂದ ದಿನದಿಂದ ನಿನ್ನ ಅಪ್ಪಯ್ಯ ಸರಿಯಾಗಿ ಮಾತಾಡುತ್ತಿಲ್ಲ. ಶಾಲೆಯಿಂದ ಬರುತ್ತಾರೆ, ಚದುರಂಗದ ಬಟ್ಟೆ ಹಾಸುತ್ತಾರೆ, ಕಾಯಿ ಮುಟ್ಟುವುದಿಲ್ಲ, ಮಡಿಸಿ ಇಡುತ್ತಾರೆ. ಅಂಗಳಕ್ಕೆ ಹೋಗುತ್ತಾರೆ, ಒಳಗೆ ಬರುತ್ತಾರೆ. ಸುಬ್ಬಕೃಷ್ಣನ ಕಾರ್ಡಿಗೂ ಉತ್ತರ ಹೋಗಿಲ್ಲ.

ತಡೆಯಲಾರದೆ, ಏನಾಯಿತೆಂದು ಕೇಳಿದೆ. ‘ನಿಂಗಕ್ಕೆ ಎಂತ ಆಜು?’ ಎಂದೆ. ‘ಎಂತೂ ಇಲ್ಲೆ’ ಎಂದರು. ‘ಮೊದಲ ದೊಡ್ಡಬ್ಬಕ್ಕೆ ಅಳಿಯನ ಕರೀದೇ ಇದ್ದ ಮನೆ ಊರಲ್ಲಿ ಯಾವುದಾದ್ರೂ ಇದ್ದಾ?’ ಎಂದೂ ಕೇಳಿಬಿಟ್ಟೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದವಳಲ್ಲ ನಾನು. ಎದ್ದು ಹೋದರು. ಬೈಯಲಿಲ್ಲ.

ನಿನಗೆ ಅಡುಗೆ ಬರುತ್ತದೆಯೇ? ಸಾರಿಗೆ ಮೆಣಸು ಸುರಿಯಬೇಡ. ಆ ಹುಡುಗ ನೋಡಲು ಹೇಗಿದ್ದಾನೆ? ಒಂದು ಫೋಟೋ ಇದ್ದರೆ ಕಳಿಸು, ನನ್ನ ಹೆಸರಿಗೆ ಹಾಕು.

ನಿನ್ನ ಅಮ್ಮ, ಭಾಗೀರಥಮ್ಮ


ಕಾನ್ಪುರ
೩೦ ಸೆಪ್ಟೆಂಬರ್ ೧೯೬೭

ಅಪ್ಪಯ್ಯ,

ನೀವು ಬರೆಯುವುದಿಲ್ಲ, ನಾನು ಬರೆಯದೆ ಇರಲಾರೆ. ಟಪಾಲಿನವನು ಈಗ ನಮ್ಮ ಗೇಟಿನ ಮುಂದೆ ಸೈಕಲ್ಲನ್ನು ಜೋರಾಗಿ ತುಳಿಯುತ್ತಾನೆ. ನಿಂತರೆ ನಾನು ಚೀಲ ಹುಡುಕಿಸುತ್ತೇನೆ ಎಂದು ಅವನಿಗೆ ಗೊತ್ತು. ಕುಳಿತಲ್ಲಿ ಕೂರಲಾಗುವುದಿಲ್ಲ. ಸೀರೆಗಳನ್ನು ಪೆಟ್ಟಿಗೆಗೆ ತುಂಬುತ್ತೇನೆ, ತೆಗೆಯುತ್ತೇನೆ. ರಜೆ ಸಿಕ್ಕಿದೆ. ಟಿಕೆಟ್ ತೆಗೆಯಲು ಇವರು ಒಪ್ಪುತ್ತಿಲ್ಲ. ‘ಕರೀದೆ ಹೋಗಿ ಅವರ ಬಾಗ್ಲಲ್ಲಿ ನಿಂತ್ಕೊಳ್ಳೋದು ಬೇಡ. ಅವ್ರಿಗೂ ಕಷ್ಟ, ನಿಂಗೂ ಕಷ್ಟ’ ಎನ್ನುತ್ತಾರೆ. ತಮಗೆ ಕಷ್ಟ ಎಂದು ಮಾತ್ರ ಹೇಳುವುದಿಲ್ಲ. ನಾವು ಬರದಿದ್ದರೆ ಈ ವರ್ಷ ಮಾತ್ರವಲ್ಲ, ಇನ್ನು ಯಾವ ವರ್ಷವೂ ಬರುವುದಿಲ್ಲ ಎಂದು ನನಗೆ ಅನಿಸುತ್ತಿದೆ, ಅಪ್ಪಯ್ಯ. ಮೊದಲ ಹಬ್ಬ ತಪ್ಪಿದ ಮನೆಗೆ ಎರಡನೆಯ ಹಬ್ಬಕ್ಕೆ ಯಾವ ಮುಖ ಹೊತ್ತು ಬರಲಿ?

ನಾನು ಮಾಡಿದ್ದು ಹೆಚ್ಚಾಯಿತು ಎಂದು ಇವರು ಹೇಳುತ್ತಾರೆ. ಆಗಿರಬಹುದು. ವಾಪಸ್ಸು ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ.

ಒಂದು ಸುದ್ದಿ ಮಾತ್ರ ಹೇಳಬೇಕು. ನಿಮ್ಮ ಪತ್ರದ ಒಂದು ಸಾಲನ್ನು ಇವರು ಯಂತ್ರಕ್ಕೆ ಕಲಿಸಿದ್ದಾರೆ. ‘ನನ್ನ ಆನೆಯ ದಾರಿಯನ್ನು ನನ್ನ ಕಾಲಾಳುಗಳೇ ಕಟ್ಟಿ ನಿಂತಿವೆ’ ಎಂಬುದನ್ನು. ಈಗ ಅದು ಓರೆ ನಡೆಯುವ ಕಾಯಿಯ ದಾರಿಯಲ್ಲಿ ತನ್ನದೇ ಕಡೆಯ ಕಾಲಾಳುಗಳು ಎಷ್ಟಿವೆ ಎಂದು ನೋಡಿ, ಒಂದೊಂದಕ್ಕೂ ಕಾಲು ಭಾಗ ಕಳೆಯುತ್ತದೆ. ನಿಮ್ಮ ಪಟವನ್ನು ಮತ್ತೆ ಕೊಟ್ಟರು. ‘ಗಣಪಯ್ಯನವರು ಹಿಂದೆ, ಒಂದು ದಶಾಂಶ ನಾಲ್ಕು’ ಎಂದು ಬಂತು. ಇವರಿಗೆ ಎಷ್ಟು ಸಂತೋಷ ಎಂದರೆ, ನೀವು ಸೋಲುತ್ತಿದ್ದೀರಿ ಎಂದು ಆ ಕಾಗದ ಹಿಡಿದುಕೊಂಡು ಓಡಿ ಬಂದರು! ‘ನೋಡು, ಈಗ ಅವರು ಕಂಡದ್ದು ಇದಕ್ಕೂ ಕಂಡಿತು’ ಎಂದರು. ಆ ಲೆಕ್ಕದ ಭಾಗಕ್ಕೆ ಒಂದು ಹೆಸರು ಕೊಡಬೇಕಂತೆ, ಕಾರ್ಡಿನ ಮೇಲೆ ‘ಸಾಗರ’ ಎಂದು ಬರೆದಿದ್ದಾರೆ.

ಹಬ್ಬಕ್ಕೆ ಒಂದು ತಿಂಗಳಿದೆ.

ಶರೂ


ಸಾಗರ
೧೦ ಅಕ್ಟೋಬರ್ ೧೯೬೭

ಚಿ. ಸೌ. ಶರಾವತಿಗೆ ಆಶೀರ್ವಾದಗಳು.

ಭಾನುವಾರ ಹೊಸನಗರಕ್ಕೆ ಹೋಗಿದ್ದೆ. ಬಸ್ಸಿಳಿದು ಗುಡ್ಡ ಹತ್ತಿ, ಪುಟ್ಟಪ್ಪನವರ ಮನೆ ಯಾವುದು ಎಂದು ಕೇಳಿಕೊಂಡು ಹೋದೆ. ಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಇದ್ದರು. ನಾನು ಯಾರೆಂದು ಹೇಳಿದೆ. ಪುಟ್ಟಪ್ಪನವರು ಚಾಪೆ ಹಾಸಿದರು.

‘ಬನ್ನಿ ಅಯ್ಯ. ಬೈಯಾಕೆ ಬಂದಿದ್ರೆ ಕೂತ್ಕಂಡು ಬೈರಿ. ಗುಡ್ಡ ಹತ್ತಿ ಬಂದೀರಿ’ ಎಂದರು.

ಬೈಯಲು ಬಂದಿಲ್ಲ ಎಂದೆ.

‘ಹಂಗಾದ್ರೆ ನಾನು ಬೈಲಾ? ನಿಮಗೊಬ್ರಿಗೇ ಸಿಟ್ಟು ಅಂತ ಮಾಡೀರಾ? ನನ್ ಮಗನೂ ಒಂದ್ ಮಾತು ಕೇಳ್ಲಿಲ್ಲ. ನಮ್ಮ ಕೇರಿಯೋರು ಬಂದು ನಗಾಡ್ತಾರೆ, ಪುಟ್ಟಪ್ಪ, ಅಯ್ನೋರ ಮನೆ ಹುಡುಗಿ ಬಂದು ನಿನ್ನ ಗದ್ದೆಲಿ ಸಸಿ ನೆಟ್ಟಿ ಮಾಡ್ತದಾ, ಇಲ್ಲ ಇಂಗ್ಲೀಷ್ನಾಗೆ ಎತ್ತು ಹೊಡೀತದಾ ಅಂತ.’

ಇದು ನನಗೆ ಹೊಳೆದೇ ಇರಲಿಲ್ಲ. ಐದು ತಿಂಗಳಿಂದ ಈ ಮದುವೆಯಲ್ಲಿ ಕಳೆದುಕೊಂಡವನು ನಾನೊಬ್ಬನೇ ಎಂದು ಎಣಿಸುತ್ತಿದ್ದೆ. ಎದುರು ಕಡೆಯ ಲೆಕ್ಕವನ್ನು ಮಾಡಿಯೇ ಇರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸುವ ವಯಸ್ಸು ದಾಟಿದವರಿಗೆ ಏನು ಶಿಕ್ಷೆಯೋ ತಿಳಿಯದು.

ಅಷ್ಟರಲ್ಲಿ ಅವರ ಹೆಂಡತಿ ಮಾಸ್ತಮ್ಮನವರು ಬಾಳೆಹಣ್ಣು, ಒಂದು ಲೋಟ ಹಾಲು ತಂದು ಇಟ್ಟರು. ‘ಇದಾದ್ರೆ ನಿಮಗೆ ನಡೀತದೆ ಅಲ್ವಾ ಅಯ್ಯ? ನಮ್ಮ ಒಲೆ ಮೇಲಿಂದು ಏನೂ ಅಲ್ಲ’ ಎಂದರು. ಬಹಳ ಮರ್ಯಾದೆಯಿಂದ ಹೇಳಿದರು. ನಮ್ಮವರು ಯಾರಾದರೂ ಬಂದರೆ ಹೀಗೆ ಎಂದು ಮೊದಲಿನಿಂದ ಅಭ್ಯಾಸವಾಗಿದೆ ಎಂದು ಕಂಡಿತು. ನನ್ನನ್ನು ನೋಡುವ ಮೊದಲೇ ನನಗೆ ಕೊಡಬೇಕಾದದ್ದು ನಿಶ್ಚಯವಾಗಿತ್ತು.

ನಾನು ಮಜ್ಜಿಗೆ ಕೇಳಿದೆ. ತಂದರು. ಉಪ್ಪು ಹಾಕಿರಲಿಲ್ಲ, ನನಗಾಗಿ; ಅವರ ಕೈಯಿಂದ ಉಪ್ಪು ಬಿದ್ದದ್ದು ನಮ್ಮವರಿಗೆ ನಡೆಯುವುದಿಲ್ಲವಲ್ಲ. ಹಾಕಿಕೊಡಿ ಎಂದೆ. ಆಕೆ ಗಂಡನ ಮುಖ ನೋಡಿದರು. ಹಾಕಿದರು. ಕುಡಿದೆ. ಇದನ್ನು ನಿನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ.

ಅಂಚೆಯಲ್ಲಿ ಕರೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದು ಜುಲೈಯಲ್ಲೇ ಬರೆದಿದ್ದೆ. ಅಳಿಯನನ್ನು ಮೊದಲ ಹಬ್ಬಕ್ಕೆ ಕರೆಯಬೇಕಾದರೆ ಬೀಗರ ಮನೆಗೆ ಹೋಗಿ, ಅವರ ಹಿರಿಯರನ್ನು ಕೇಳಬೇಕು. ನೀನು ಅದನ್ನು ಬೇರೆಯಾಗಿ ಓದಿಕೊಂಡೆ. ಆಗ ಬರೆಯುವಾಗ ನನ್ನ ಮನಸ್ಸಿನಲ್ಲೂ ಬೇರೆಯೇ ಇತ್ತು, ಆದ್ದರಿಂದ ನಿನ್ನದು ಪೂರ್ತಿ ತಪ್ಪಲ್ಲ. ಈಗ ಕೇಳಿದೆ. ‘ದೊಡ್ಡಬ್ಬಕ್ಕೆ ಮಂಜುನಾಥಪ್ಪನನ್ನು ನಮ್ಮ ಮನೆಗೆ ಕಳಿಸಿಕೊಡಿ’ ಎಂದೆ.

ಪುಟ್ಟಪ್ಪನವರು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ‘ನಿಮ್ಮನೆಗೆ ಅಳಿಯ ಬಂದ್ರೆ ನಮ್ಮನೆಗೆ ಸೊಸೆ ಬರ್ಬೇಕಲ್ಲ ಅಯ್ಯ. ನೀವು ಕಾಯಿ ಎತ್ಕೊಂಡು ಹೋದ್ರೆ ನಂದೇನು ಗತಿ?’ ಎಂದರು. ಅವರಿಗೆ ಚದುರಂಗ ಬರುವುದಿಲ್ಲವಂತೆ. ನಂಬುವುದು ಕಷ್ಟ. ಪಾಡ್ಯದ ದಿನ ನಮ್ಮಲ್ಲಿ, ಅದರ ಮಾರನೆಯ ದಿನ ಅವರಲ್ಲಿ ಎಂದು ತೀರ್ಮಾನವಾಯಿತು. ಆ ದಿನ ನಾನೂ ನಿನ್ನ ಅಮ್ಮನೂ ಊಟಕ್ಕೆ ಬರಬೇಕೆಂದು ಮಾಸ್ತಮ್ಮನವರು ಹೇಳಿದರು. ಅದಕ್ಕೆ ನಾನು ಉತ್ತರ ಕೊಟ್ಟಿಲ್ಲ. ಅಷ್ಟು ದೂರ ನನ್ನ ಲೆಕ್ಕ ಇನ್ನೂ ಹೋಗಿಲ್ಲ.

ಅಪ್ಪಯ್ಯ ಬದಲಾದರು ಎಂದು ಅಲ್ಲಿ ಕುಣಿಯಬೇಡ. ನೆಂಟರಲ್ಲಿ ಕೆಲವರು ಈ ಸಲ ನಮ್ಮ ಮನೆಯ ಪಂಕ್ತಿಗೆ ಬರುವುದಿಲ್ಲ ಎಂದು ಈಗಲೇ ಹೇಳಿ ಕಳಿಸಿದ್ದಾರೆ. ಬಾಳೆ ಎಲೆ ಉಳಿಯುತ್ತದೆ, ಇರಲಿ. ಮಂಜುನಾಥಪ್ಪ ನನ್ನ ಪಕ್ಕದಲ್ಲಿ ಕೂರುತ್ತಾನೆ. ಅದರಿಂದ ನನಗೆ ಎಷ್ಟು ಕಷ್ಟವಾಗುತ್ತದೆ ಎಂಬುದು ಅವನಿಗೆ ಕಾಣಿಸದಂತೆ ನೋಡಿಕೊಳ್ಳಲು ಪ್ರಯತ್ನಿಸುತ್ತೇನೆ. ಕಂಡರೆ ಅವನು ತಪ್ಪು ತಿಳಿಯಬಾರದೆಂದು ನೀನು ಮೊದಲೇ ಹೇಳಿರು.

ಸುಬ್ಬಕೃಷ್ಣನಿಗೆ ಆಟ ಬಿಟ್ಟುಕೊಟ್ಟು ಕಾರ್ಡು ಹಾಕಿದೆ. ಯಂತ್ರ ಹೇಳಿದ ಒಂದು ದಶಾಂಶ ನಾಲ್ಕು ಸಾಲದು, ನನ್ನ ಲೆಕ್ಕದಲ್ಲಿ ನಾನು ಮೂರಾದರೂ ಹಿಂದಿದ್ದೆ. ಕುದುರೆ ಎಲ್ಲಿ ನಿಂತಿದೆ ಎಂಬುದನ್ನು ಮಂಜುನಾಥಪ್ಪ ಇನ್ನೂ ಸೇರಿಸಿಲ್ಲ. ಬಂದಾಗ ಹೇಳುತ್ತೇನೆ.

ಯಾವತ್ತು ಬರುತ್ತೀರಿ, ಯಾವ ಗಾಡಿ ಎಂದು ತಿಳಿಸು.

ಗಣಪಯ್ಯ


ಕಾನ್ಪುರ
೧೮ ಅಕ್ಟೋಬರ್ ೧೯೬೭

ಅಪ್ಪಯ್ಯ, ಕುಣಿದೆ!

ಕುಣಿಯಬೇಡ ಎಂಬ ಸಾಲಿಗೆ ಬರುವ ಮೊದಲೇ ಕುಣಿದಾಗಿತ್ತು, ಏನು ಮಾಡಲಿ? ಕೆಳಗಿನ ಮನೆಯವರು ಮೇಲೆ ಬಂದು ಕೇಳಿದರು. ಮಜ್ಜಿಗೆಯ ಸಾಲನ್ನು ಇವರಿಗೆ ಓದಿ ಹೇಳುತ್ತಿದ್ದೆ. ಇವರು ಕಾಗದ ಕಸಿದುಕೊಂಡು ತಾವೇ ಓದಿದರು. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು, ‘ನಮ್ಮವ್ವ ಉಪ್ಪು ಜಾಸ್ತಿ ಹಾಕ್ತಾಳೆ. ಪಾಪ ನಿಮ್ಮಪ್ಪಯ್ಯ’ ಎಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ಶಾಂತಿಯೇ ಇಲ್ಲ. ಇವರು ಎಲೆಯ ಮುಂದೆ ಕೂರುವುದು ಹೇಗೆ, ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡದವರು ಏನು ಮಾಡಬೇಕು, ನಿಮಗೆ ನಮಸ್ಕಾರ ಜಗುಲಿಯಲ್ಲೋ ಒಳಗೋ ಎಂದು ಕೇಳುತ್ತಲೇ ಇದ್ದಾರೆ. ‘ನಮಸ್ಕಾರ ಮಾಡುವಾಗ ಅವರು ಹಿಂದೆ ಸರಿದರೆ?’ ಎಂದರು ನಿನ್ನೆ. ಸರಿಯುವುದಿಲ್ಲ ಎಂದೆ. ಸರಿಯಬೇಡಿ, ಅಪ್ಪಯ್ಯ. ಉಳಿದದ್ದರಲ್ಲಿ ನಿಮಗೆ ಎಷ್ಟು ಕಷ್ಟ ಕಂಡರೂ ಇವರು ತಪ್ಪು ತಿಳಿಯುವುದಿಲ್ಲ, ನಿಮ್ಮ ಮಾತನ್ನು ಹಾಗೇ ಹೇಳಿದ್ದೇನೆ. ಆ ಒಂದರಲ್ಲಿ ಮಾತ್ರ ಒಂದು ಹೆಜ್ಜೆಯೂ ಸರಿಯಬೇಡಿ.

ಹೊಸನಗರದ ಊಟದ ಬಗ್ಗೆ ನಾನು ಏನೂ ಕೇಳುವುದಿಲ್ಲ. ನನಗೂ ಅಲ್ಲಿ ಏನು ಕಾದಿದೆಯೋ ಗೊತ್ತಿಲ್ಲ. ನೆಟ್ಟಿಯಂತೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಎತ್ತು ಹೊಡೆಯುವುದನ್ನು ಮಾವನವರು ಬಿಡುವಾದಾಗ ಕಲಿಸಲಿ!

ಟಿಕೆಟ್ ತೆಗೆದಾಯಿತು. ಝಾನ್ಸಿ, ಪುಣೆ, ಬೀರೂರು ಎಂದು ಬದಲಾಯಿಸಿಕೊಂಡು ಬರಬೇಕು. ಇವರು ಬಟ್ಟೆ ಕಡಿಮೆ ಮಾಡಿ ಕಾರ್ಡಿನ ಕಟ್ಟು ತುಂಬಿಕೊಂಡಿದ್ದಾರೆ, ಯಂತ್ರವಿಲ್ಲದೆ ಅದರಿಂದ ಏನು ಪ್ರಯೋಜನವೋ! ಸಾಗರದ ಸ್ಟೇಷನ್ನಿಗೆ ನೀವು ಬರಲೇಬೇಕೆಂದಿಲ್ಲ, ಮನೆಯ ದಾರಿ ನನಗೆ ಗೊತ್ತು. ಆದರೆ ಇವರಿಗೆ ಗೊತ್ತಿಲ್ಲ. ಇವರನ್ನು ಕರೆದುಕೊಂಡು ಪೇಟೆಯ ನಡುವೆ, ಎಲ್ಲರೂ ನೋಡುವಂತೆ, ನಮ್ಮ ಮನೆಯತನಕ ನಡೆಯುವವರು ನಾನಾಗಬಾರದು, ನೀವಾಗಬೇಕು ಎಂದು ನನಗೆ ಆಸೆ. ಗಾಡಿ ನಿಂತಾಗ ಪ್ಲಾಟ್‌ಫಾರ್ಮಿನಲ್ಲಿ ಮೊದಲು ನಿಮ್ಮನ್ನೇ ಹುಡುಕುತ್ತೇನೆ. ಬರೆದಿಟ್ಟುಕೊಳ್ಳಿ: ಅಕ್ಟೋಬರ್ ಮೂವತ್ತೊಂದು, ಮಂಗಳವಾರ, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಬೆಳಗಿನ ಗಾಡಿ.

ನಿಮ್ಮ ಶರೂ